ಬಿಕ್ಕಳಿಕೆ ಬಾರದ ಪ್ರಾರ್ಥನೆ

ನನ್ನ ಮಗಳ ಮದುವೆ ಮೊದಲನೆಯ ಸಲ ನಿಂತುಹೋದದ್ದು ನನ್ನ ಬಿಕ್ಕಳಿಕೆಯಿಂದ. ಗುಡಿಯ ಮುಂದೆ ಮುನ್ನೂರು ಜನ ಸೇರಿದ್ದರು. ಅಡುಗೆಯವರು ಹೋಳಿಗೆಗೆ ಹಂಚು ಕಾಯಿಸಿಟ್ಟಿದ್ದರು. ಮದುಮಗ ವಿನಯಚಂದ್ರನ ಅಪ್ಪ ತಮ್ಮ ಪಾಲಿನ ಹರಕೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ ಹಿಂದೆ ಸರಿದು ನನಗೆ ಜಾಗ ಬಿಟ್ಟರು. ನಾನು ದೇವರ ಹೆಸರು ಹಿಡಿದು, ಈ ಮಕ್ಕಳನ್ನು ಕಾಪಾಡು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಹೆಸರಿನ ಮೂರನೆಯ ಅಕ್ಷರ ಇನ್ನೂ ಬಾಯಲ್ಲೇ ಇತ್ತು, ಎದೆಯೊಳಗಿನಿಂದ ಒಂದು ದೊಡ್ಡ ಬಿಕ್ಕಳಿಕೆ ಬಂದು ಮೈಕಿನಲ್ಲಿ ಬಿದ್ದು ಇಡೀ ಬೀದಿಗೆ ಕೇಳಿಸಿತು. ಅರ್ಚಕರು ಮೆಲ್ಲಗೆ ಮೈಕನ್ನು ತೆಗೆದುಕೊಂಡರು. ಅಡುಗೆಯವರು ಹಂಚು ಇಳಿಸಿದರು.

ನಮ್ಮೂರಿನಲ್ಲಿ ಮನಸ್ಸು ಒಪ್ಪದ ಮಾತನ್ನು ಬಾಯಿ ಆಡಿದರೆ ಬಿಕ್ಕಳಿಕೆ ಬರುತ್ತದೆ. ಊರವರಿಗೆ ಹುಟ್ಟಿನಿಂದ, ಹೊರಗಿನಿಂದ ಬಂದವರಿಗೆ ಮೂರನೆಯ ದಿನದಿಂದ. ಒಮ್ಮೆ ಒಂದು ನಾಟಕ ಕಂಪನಿ ಬಂದು ಎರಡು ಆಟ ಚೆನ್ನಾಗಿಯೇ ಆಡಿತು. ಮೂರನೆಯ ದಿನದ ಆಟದಲ್ಲಿ ದೊರೆಯ ಪಾತ್ರದವನು ‘ನಾನು ಈ ನಾಡಿನ ಒಡೆಯ’ ಎಂದಾಗಲೆಲ್ಲ ಕಿರೀಟ ಜಾರುವಷ್ಟು ಬಿಕ್ಕಿ, ಮರುದಿನವೇ ಅವರು ಗಂಟುಮೂಟೆ ಕಟ್ಟಿದರು. ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ಸೀರೆ ಅಂಗಡಿಯವರು ‘ನಿಮಗೆ ಒಪ್ಪುತ್ತೆ’ ಎಂದು ಹೇಳುವುದಿಲ್ಲ, ಕನ್ನಡಿ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಚುನಾವಣೆಗೆ ನಿಂತವರು ಕೈಮುಗಿದುಕೊಂಡು ಬೀದಿ ಸುತ್ತುತ್ತಾರೆ, ಬಾಯಿ ಬಿಡುವುದಿಲ್ಲ. ನಾನು ಹಲ್ಲಿನ ಸೆಟ್ಟು ಮಾಡುವವಳು. ಹೊಸ ಸೆಟ್ಟು ಹಾಕಿಕೊಂಡು ‘ಹೇಗೆ ಕಾಣ್ತೀನಿ ಇಂದಮ್ಮ?’ ಎಂದು ಕೇಳಿದವರಿಗೆ, ‘ಚಕ್ಕುಲಿ ಅಗಿಯಬಹುದು’ ಎನ್ನುತ್ತೇನೆ. ಅದು ಯಾವತ್ತೂ ನಿಜ.

ಮದುವೆಯ ವಿಷಯದಲ್ಲಿ ಊರಿನದು ಒಂದೇ ಕಟ್ಟಳೆ. ಹೆಣ್ಣಿನ ಕಡೆಯಿಂದ ಒಬ್ಬರು, ಗಂಡಿನ ಕಡೆಯಿಂದ ಒಬ್ಬರು ಹೆತ್ತವರು ಯಾವುದಾದರೂ ಪ್ರಾರ್ಥನೆಯ ಮನೆಯಲ್ಲಿ ನಿಂತು, ಆ ಮನೆಯ ಮಾತಿನಲ್ಲೇ ಮಕ್ಕಳನ್ನು ಹರಸಬೇಕು. ಗುಡಿ, ಮಸೀದಿ, ಚರ್ಚು, ಬಸದಿ, ಊರಂಚಿನ ಬೌದ್ಧ ವಿಹಾರ, ಯಾವುದಾದರೂ ಸರಿ. ಮದುವೆಯ ದಿನ ಹರಸುವಾಗ ಬಿಕ್ಕಳಿಕೆ ಬಂದರೆ ಎಲ್ಲವೂ ಒಂದು ವರ್ಷ ಮುಂದಕ್ಕೆ. ಎರಡನೆಯ ಸಲವೂ ಬಂದರೆ ಆ ಸಂಬಂಧ ಅಲ್ಲಿಗೇ ಮುಗಿದಂತೆ. ನಾನು ಹುಟ್ಟಾ ನಾಸ್ತಿಕಳು, ನನ್ನ ಅಪ್ಪನೂ ಹಾಗೇ ಇದ್ದರು. ಆದರೂ ಮಗಳ ಮೇಲಿನ ಪ್ರೀತಿಯಿಂದ ಹೇಗೋ ದಾಟಿಬಿಡುತ್ತೇನೆ ಎಂದು ನಂಬಿ ಗುಡಿಯ ಮುಂದೆ ನಿಂತಿದ್ದೆ. ಬಿಕ್ಕಳಿಕೆಗೆ ಅಂಥ ಲೆಕ್ಕಾಚಾರವೆಲ್ಲ ತಿಳಿಯುವುದಿಲ್ಲ.

ಮಗಳು ಹಂಸಾ ಅವತ್ತು ಅಳಲಿಲ್ಲ. ಮನೆಗೆ ಬಂದು ಮುಡಿದ ಹೂವನ್ನೆಲ್ಲ ಬಿಚ್ಚಿ ತಟ್ಟೆಯಲ್ಲಿಟ್ಟು, “ಅಮ್ಮ, ಮೂರನೇ ಅಕ್ಷರದ ತನಕ ಹೋದ್ಯಲ್ಲ, ನಾನು ಎರಡಕ್ಕೇ ನಿಲ್ತೀಯ ಅನ್ಕೊಂಡಿದ್ದೆ” ಎಂದಳು. ವಿನಯಚಂದ್ರ, “ಒಂದು ವರ್ಷ ತಾನೇ, ಕಾಯ್ತೀವಿ ಬಿಡಿ ಅತ್ತೆ” ಎಂದ. ಇಬ್ಬರಿಗೂ ಬಿಕ್ಕಳಿಕೆ ಬರಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಆ ವರ್ಷವೆಲ್ಲ ನಾನು ಬಾಗಿಲಿಂದ ಬಾಗಿಲಿಗೆ ಅಲೆದೆ. ಚರ್ಚಿನ ಪಾದ್ರಿ ನನ್ನ ಬಿಕ್ಕಳಿಕೆಗೆ ನೀರು ಕೊಟ್ಟು, “ನಂಬಿಕೇನ ಎಳೆದು ತರೋಕೆ ಹೋಗ್ಬೇಡಿ ತಾಯಿ, ಬರೋದಿದ್ರೆ ಅದೇ ಬರುತ್ತೆ” ಎಂದರು. ಮಸೀದಿಯ ಹಜರತರು ನಕ್ಕು, “ನಿಮ್ಮ ಬಾಯಿ ನಿಮ್ಮ ಮನಸ್ಸಿಗೆ ಮೋಸ ಮಾಡೋದಿಲ್ಲ, ಅದೂ ಸಣ್ಣ ವಿಷಯ ಅಲ್ಲ” ಎಂದು ಖರ್ಜೂರ ಕೊಟ್ಟು ಕಳಿಸಿದರು. ಬಸದಿಯಲ್ಲಿ ಲೋಕವನ್ನು ಸೃಷ್ಟಿಸಿದ ದೇವರ ಮಾತೇ ಇಲ್ಲವೆಂದು ಕೇಳಿ ಆಸೆಯಿಂದ ಹೋದೆ. ಅಲ್ಲಿ ಆತ್ಮದ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಎಲ್ಲರೂ ಒಳ್ಳೆಯವರೇ. ಎಲ್ಲ ಕಡೆಯೂ ಏನಾದರೂ ತಿನ್ನಲು ಕೊಟ್ಟರು.

ಉಳಿದದ್ದು ವಿಹಾರ. ಅಲ್ಲಿಗೆ ನಾನು ಹೋಗುವ ಮೊದಲು ವಿಹಾರವೇ ನನ್ನಲ್ಲಿಗೆ ಬಂತು. ಅಲ್ಲಿಯ ಮುದಿ ಭಿಕ್ಖು, ಊರವರೆಲ್ಲ ಭಂತೇಜಿ ಎನ್ನುವವರು, ಕೆಳಗಿನ ಸೆಟ್ಟು ಸಡಿಲವಾಗಿ ಮಂತ್ರ ಹೇಳುವಾಗ ಸೀಟಿ ಹೊಡೆದಂತಾಗುತ್ತದೆ ಎಂದು ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಅಚ್ಚು ತೆಗೆಯಲು ಅವರ ಬಾಯಿಗೆ ಮೇಣ ತುಂಬಿದೆ. ಅವರು ಮಾತಾಡಲಾರದೆ ಕುಳಿತಿದ್ದಾಗ ಧೈರ್ಯ ಮಾಡಿ ನನ್ನ ಕಥೆಯನ್ನೆಲ್ಲ ಹೇಳಿದೆ.

“ನಿಮ್ಮಲ್ಲಿ ದೇವರಿಲ್ಲವಂತಲ್ಲ ಭಂತೇ,” ಎಂದೆ. “ನಾಸ್ತಿಕರಿಗೆ ಏನಾದ್ರೂ ಒಂದು ಒಪ್ಪೋದಾದ್ರೆ ಅದು ನಿಮ್ಮದೇ ಅಂತ ನಮ್ಮ ಮನೆಯವರು ಹೇಳ್ತಿದ್ರು.”

ಮೇಣ ತೆಗೆದ ಮೇಲೆ ಅವರು ಬಾಯಿ ಮುಕ್ಕಳಿಸಿ ಹೇಳಿದರು, “ದೇವರುಗಳು ಇದಾರಮ್ಮ, ಬೇಕಾದಷ್ಟು ಜನ ಇದಾರೆ. ಆದ್ರೆ ಅವರೂ ನಮ್ಮ ಹಾಗೇ ಪೇಚಾಡ್ತಾ ಇರೋರು. ಅವರ ಹತ್ರ ಬೇಡೋಕೇನಿಲ್ಲ.”

“ಹಾಗಾದ್ರೆ ನನ್ನಂಥವರು ಬರಬಹುದೋ ಇಲ್ವೋ?”

“ಬರ್ತಾರೆ. ಮೊದಲ ತಿಂಗಳು ಬಹಳ ಖುಷಿಯಾಗಿರ್ತಾರೆ, ದೇವರಿಲ್ಲ, ಹೋಮ ಇಲ್ಲ, ನೀವೇ ಪರೀಕ್ಷೆ ಮಾಡಿ ನೋಡಿ ಅಂತೀವಲ್ಲ. ಆಮೇಲೆ ಸುಮ್ನೆ ಕೂತ್ಕೊಂಡು ನಿಮ್ಮ ಮನಸ್ಸನ್ನ ನೋಡ್ಕೊಳಿ ಅಂದ್ರೆ, ಮನೇಲಿ ಕೆಲಸ ಇದೆ ಅಂತಾರೆ. ಬಿಕ್ಕಳಿಕೆನೂ ಬರಲ್ಲ ಅವರಿಗೆ. ಮನೇಲಿ ಕೆಲಸ ನಿಜವಾಗ್ಲೂ ಇರುತ್ತೆ.”

ವಿಹಾರ ಇದ್ದದ್ದು ಹಳೆಯ ಸುಣ್ಣದ ಗೂಡಿನ ಪಕ್ಕದಲ್ಲಿ, ತಗಡಿನ ಚಾವಣಿಯ ಒಂದು ಉದ್ದನೆಯ ಹಜಾರ. ಭಾನುವಾರದ ಬೆಳಿಗ್ಗೆಗಳಲ್ಲಿ ಹೋಗತೊಡಗಿದೆ. ಭಂತೇಜಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವರು, ನಾನು ಹಿಂದೆಯೇ ಹೇಳುವೆ. ಬದುಕಿನಲ್ಲಿ ದುಃಖವಿದೆ. ಇದೆ. ಅದನ್ನು ನಾನು ಇನ್ನೂ ಎರಡು ಸಲ ಹೇಳಬಲ್ಲೆ. ಎಲ್ಲವೂ ಸವೆಯುತ್ತದೆ, ಯಾವುದೂ ನಿಲ್ಲುವುದಿಲ್ಲ. ಮೂವತ್ತು ವರ್ಷ ಜನರ ಬಾಯಿ ನೋಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊಲ್ಲದಿರಲು ಪ್ರಯತ್ನಿಸುತ್ತೇನೆ, ಕದಿಯದಿರಲು ಪ್ರಯತ್ನಿಸುತ್ತೇನೆ. ಸಲೀಸು. ಸುಳ್ಳಾಡದಿರಲು ಪ್ರಯತ್ನಿಸುತ್ತೇನೆ ಎಂಬಲ್ಲಿ ನಾನು ನಕ್ಕುಬಿಟ್ಟೆ. “ಈ ಊರಲ್ಲಿ ಇದೊಂದು ಹೇಳ್ಬೇಕಾ ಭಂತೇ?”

“ಇಲ್ಲಿ ಸುಳ್ಳು ಹೇಳೋದು ಕಮ್ಮಿ, ಬಾಯಿ ಮುಚ್ಕೊಂಡಿರೋದು ಜಾಸ್ತಿ,” ಎಂದರು ಅವರು. “ಬಾಯಿ ಮುಚ್ಕೊಳ್ಳೋದೂ ಸುಳ್ಳಾಡದಿರೋದೂ ಒಂದೇ ಅಲ್ಲ.”

ಮುಂದಿನ ಜನ್ಮದ ಮಾತು ಬಂದಾಗ ಬಿಕ್ಕಿದೆ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಭಂತೇಜಿ ಒಂದಿಷ್ಟೂ ಬೇಸರಪಡದೆ, “ನಂಗೂ ಕೆಲವು ದಿನ ಆ ಸಾಲಲ್ಲಿ ಬರುತ್ತೆ. ಅಂಥ ದಿನ ಅಂಗಳ ಗುಡಿಸ್ತೀನಿ. ಇರಲಿ, ಮದುವೆ ಹರಕೇಲಿ ಅದು ಇಲ್ಲ” ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದು ಹಂಸಾಳಿಗೆ ಹೇಳಿ, ಇಬ್ಬರೂ ಪಾಯಸ ಮಾಡಿಕೊಂಡು ಕುಡಿದೆವು. ನನ್ನೊಳಗೆ ಸ್ವಲ್ಪ ಜಂಬವೂ ಹುಟ್ಟಿತ್ತು. ನಂಬು ಎಂದು ಬಲವಂತ ಮಾಡದ, ತಲೆಗೆ ಹತ್ತುವ ಮಾತಾಡುವ ಧರ್ಮವೊಂದನ್ನು ನಾನೇ ಹುಡುಕಿ ತೆಗೆದೆನೆಂಬ ಜಂಬ.

ಮದುವೆಗೆ ಮೂರು ವಾರವಿದ್ದಾಗ ಭಂತೇಜಿ ಹರಕೆಯ ಮಾತುಗಳನ್ನು ಅಭ್ಯಾಸಕ್ಕೆ ತೆಗೆದರು. ನಾಲ್ಕೇ ಸಾಲು. ಈ ಇಬ್ಬರು ಒಬ್ಬರಿಗೊಬ್ಬರು ನೆರಳಾಗಲಿ, ಇವರ ಮನೆಯಲ್ಲಿ ಸಿಟ್ಟು ಬೇಗ ಆರಲಿ, ಹಸಿದು ಬಂದವರಿಗೆ ಇವರ ಬಾಗಿಲು ತೆರೆದಿರಲಿ. ಮೂರನ್ನೂ ನೀರು ಕುಡಿದ ಹಾಗೆ ಹೇಳಿದೆ. ನಾಲ್ಕನೆಯದು, ಎಲ್ಲ ಜೀವಿಗಳೂ ಸುಖವಾಗಿರಲಿ ಎಂಬುದು. ಇದರಲ್ಲೇನಿದೆ ಎಂದು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ನೀರು ಕುಡಿದು ಮತ್ತೆ ಹೇಳಿದೆ. ಮತ್ತೆ ಬಂತು.

“ಎಲ್ಲ ಅಂದಾಗ ಯಾರ ಮುಖ ಬಂತು?” ಎಂದರು ಭಂತೇಜಿ.

“ಯಾರದೂ ಇಲ್ಲ,” ಎಂದೆ. ಅದಕ್ಕೂ ಬಿಕ್ಕಿದೆ.

ಅವರು ಚಾಪೆಯ ಮೇಲೆ ಸರಿಯಾಗಿ ಕುಳಿತು, ಒಬ್ಬೊಬ್ಬರದೇ ಹೆಸರು ಹಿಡಿದು ಹೇಳಿ ನೋಡಿ ಎಂದರು. ಬೀದಿನಾಯಿ ಸುಖವಾಗಿರಲಿ ಎಂದೆ, ಬರಲಿಲ್ಲ. ಹಾವು ಸುಖವಾಗಿರಲಿ. ಬರಲಿಲ್ಲ. ನನ್ನ ಸ್ಕೂಟರಿನಿಂದ ಹೆಲ್ಮೆಟ್ ಕದ್ದವನು ಸುಖವಾಗಿರಲಿ. ಚೂರು ಗಂಟಲು ಕೆರೆಯಿತು, ಅಷ್ಟೇ. ಮೈಕಿನಿಂದ ನನ್ನ ಬಿಕ್ಕಳಿಕೆಯನ್ನು ಊರಿಗೆಲ್ಲ ಹಂಚಿದ ಮೈಕ್ ಸೆಟ್ಟಿನವನೂ ದಾಟಿದ. ಕೊನೆಗೆ, “ಸುಗುಣ ಸುಖವಾಗಿರಲಿ” ಎಂದೆ. ಬಂದ ಬಿಕ್ಕಳಿಕೆಗೆ ಹಜಾರದ ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

ಸುಗುಣ ನನ್ನ ನಾದಿನಿ, ನನ್ನ ಗಂಡನ ತಂಗಿ. ನನ್ನ ಗಂಡ ಶ್ರೀಕಂಠನ ಹೆಸರಲ್ಲಿ ಮಾತ್ರ ದೇವರಿದ್ದ. ನಮ್ಮಿಬ್ಬರ ಮದುವೆಯೂ ನಡೆದದ್ದು ಅತ್ತೆಯವರ ಹರಕೆಯಿಂದ, ನನ್ನ ತಾಯಿಯ ಹರಕೆಯಿಂದ, ನಮ್ಮ ನಂಬಿಕೆಯಿಂದಲ್ಲ. ಇಪ್ಪತ್ತಾರು ವರ್ಷ ನಾವಿಬ್ಬರೂ ಹಬ್ಬಕ್ಕೆ ಒಬ್ಬಟ್ಟು ತಿಂದು, ಪೂಜೆಯನ್ನು ಬಿಟ್ಟು, ದೇವರಿಲ್ಲದ ಮನೆಯಲ್ಲಿ ನಗುನಗುತ್ತ ಬದುಕಿದೆವು. ಐದು ವರ್ಷದ ಹಿಂದೆ ಆತ ಊರಿನ ಆಸ್ಪತ್ರೆಯಲ್ಲಿ ಮಲಗಿದ. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಒಳಗೆ ಸುಗುಣ ಅವನ ಕೈ ಹಿಡಿದು ಕುಳಿತಿದ್ದಳು. ಅವನು ಅವಳ ಜೊತೆ ದೇವರ ಹಾಡು ಹೇಳುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಕಾದೆ, ಈಗ ಬಿಕ್ಕುತ್ತಾನೆ, ಈಗ ಬಿಕ್ಕುತ್ತಾನೆ ಎಂದು. ಹಾಡು ಮುಗಿಯಿತು. ಬಿಕ್ಕಳಿಕೆ ಬರಲಿಲ್ಲ. ಗಂಜಿಯ ಡಬ್ಬಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ತಿರುಗಿ ಬಂದೆ. ಸಂಜೆ ಹೋಗುವ ಹೊತ್ತಿಗೆ ಅವನ ಮಾತು ನಿಂತಿತ್ತು. ಎರಡು ದಿನಕ್ಕೆ ಉಸಿರೂ ನಿಂತಿತು. ಅವನು ಸಾಯುವ ಮೊದಲೇ ನನ್ನನ್ನು ಬಿಟ್ಟುಹೋದ ಎಂದು ನನಗನ್ನಿಸಿತ್ತು, ಅವನನ್ನು ಕರೆದೊಯ್ದವಳು ಸುಗುಣ. ಅಂದಿನಿಂದ ನಾನು ಅವಳ ಹೊಸ್ತಿಲು ತುಳಿದಿರಲಿಲ್ಲ. ಮೊದಲ ಸಲದ ಮದುವೆಗೂ ಕರೆಯೋಲೆಯನ್ನು ಅಂಚೆಯಲ್ಲಿ ಕಳಿಸಿದ್ದೆ.

ಹಂಸಾಳಿಗೆ ವಿಷಯ ಹೇಳಿದೆ. ಅವಳು ಹೇಳಿದಳು, “ಅಮ್ಮ, ಗುಡಿಯ ಹರಕೇಲೂ ಕೊನೇ ಸಾಲು ಹೆಚ್ಚುಕಮ್ಮಿ ಇದೇ. ವಿನಯನ ಅಪ್ಪ ಹೇಳಿದ್ರಲ್ಲ, ನೀನು ಕೇಳಿಸ್ಕೊಂಡಿಲ್ಲ. ಚರ್ಚಲ್ಲೂ ಇಂಥದ್ದೇನೋ ಇದೆ. ನೀನು ದೇವರ ಹೆಸರಲ್ಲೇ ಬಿಕ್ಕಿಬಿಡ್ತಿದ್ದೆ. ಹಾಗಾಗಿ ಆ ಸಾಲಿನ ತನಕ ಯಾವತ್ತೂ ಹೋಗ್ಲೇ ಇಲ್ಲ.”

ಅದು ನನಗೆ ನಾಟಿತು. ದೇವರನ್ನು ನಂಬಲಾರೆ ಎಂಬ ಒಂದು ಕಾರಣವನ್ನು ಮುಂದಿಟ್ಟುಕೊಂಡು ಇಷ್ಟು ದಿನ ಇನ್ನೊಂದು ವಿಷಯದಿಂದ ತಪ್ಪಿಸಿಕೊಂಡಿದ್ದೆ. ವಿಹಾರದಲ್ಲಿ ದೇವರು ಅಡ್ಡ ಬರಲಿಲ್ಲ, ಹಾಗಾಗಿ ಸಿಕ್ಕಿಬಿದ್ದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಸುಗುಣಳ ಮನೆಗೆ ಹೋದೆ. ಅವಳು ಹಪ್ಪಳ ಮಾಡುವವಳು, ಊರಿನ ಅರ್ಧ ಮದುವೆಗಳಿಗೆ ಅವಳದೇ ಹಪ್ಪಳ. ಮಹಡಿಯ ಮೇಲೆ ಹಳೆಯ ಸೀರೆಗಳನ್ನು ಹಾಸಿ ಉದ್ದಿನ ಹಪ್ಪಳ ಹರವುತ್ತಿದ್ದಳು. ನನ್ನನ್ನು ನೋಡಿ ಅವಳ ಕೈ ಒಂದು ಕ್ಷಣ ನಿಂತಿತು.

“ಕಾಲು ನೋಡ್ಕೊಂಡು ಬನ್ನಿ ಅತ್ತಿಗೆ, ಆ ಕಡೆಯ ಸಾಲು ಇನ್ನೂ ಹಸಿ ಇದೆ.”

ನಾನು ಗೋಡೆಯ ಪಕ್ಕ ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. “ನಂಗೆ ನಿನ್ನ ಮೇಲೆ ಏನೂ ಕೋಪ ಇಲ್ಲ ಸುಗುಣಾ.” ಬಿಕ್ಕಿದೆ.

“ನಂಗೂ ನಿಮ್ಮ ಮೇಲೆ ಏನೂ ಬೇಜಾರಿಲ್ಲ,” ಎಂದಳು. ಅವಳ ಬಿಕ್ಕಳಿಕೆ ನನ್ನದಕ್ಕಿಂತ ಜೋರಾಗಿತ್ತು.

ಅಷ್ಟರಲ್ಲಿ ಒಂದು ಕಾಗೆ ಇಳಿದು ಹಪ್ಪಳಕ್ಕೆ ಬಾಯಿ ಹಾಕಿತು. ಇಬ್ಬರೂ ಒಟ್ಟಿಗೆ ಹುಶ್ ಎಂದು ಎದ್ದೆವು, ತಲೆಗೆ ತಲೆ ತಗಲಿತು. ಸುಗುಣಳಿಗೆ ಮೊದಲು ನಗು ಬಂತು. ಅವಳು ನಕ್ಕಾಗ ಥೇಟು ಅಣ್ಣನ ಮುಖ. ಅದನ್ನು ನಾನು ಮರೆತಿದ್ದೆ.

“ನೀನು ಅವರಿಗೆ ಹೇಳಿಕೊಟ್ಟೆ,” ಎಂದೆ.

“ಹೇಳಿಕೊಡಲಿಲ್ಲ ಅತ್ತಿಗೆ. ಅಣ್ಣನೇ ಕೇಳಿದ. ನಾವು ಜ್ವರ ಬಂದು ಮಲಗಿದಾಗ ಅಮ್ಮ ಹೇಳ್ತಿದ್ದಳಲ್ಲ, ಆ ಹಾಡು ನೆನಪಿದ್ಯಾ ಅಂದ. ನಂಗೆ ಎರಡು ಸಾಲು ನೆನಪಿತ್ತು. ಉಳಿದದ್ದೆಲ್ಲ ಅವನಿಗೇ ನೆನಪಿತ್ತು.”

“ನಂಬಿದ್ರಾ?”

“ಗೊತ್ತಿಲ್ಲ. ಬಿಕ್ಕಳಿಕೆ ಬರ್ಲಿಲ್ಲ. ಅಮ್ಮನ್ನ ನಂಬಿದ್ನೋ, ದೇವರನ್ನ ನಂಬಿದ್ನೋ, ನಾನು ಕೇಳೋಕೆ ಹೋಗ್ಲಿಲ್ಲ.” ಅವಳು ಅಂಗೈಯಿಂದ ಒಂದು ಹಪ್ಪಳವನ್ನು ಚಪ್ಪಟೆ ಮಾಡಿದಳು. “ನಿಮ್ಮ ಚಪ್ಪಲಿ ಸದ್ದು ಅವನಿಗೆ ಕೇಳ್ಸಿತ್ತು. ‘ಇಂದು ಬಂದಿದ್ಲು, ಸಿಟ್ಟಾಗಿ ಹೋದ್ಲು, ಸಂಜೆ ಬಂದು ಸರಿಯಾಗಿ ಜಗಳ ಆಡ್ತಾಳೆ ನೋಡು’ ಅಂತ ನಕ್ಕ. ಜಗಳಕ್ಕೆ ಶಕ್ತಿ ಬೇಕು ಅಂತ ನೀವು ತಂದಿದ್ದ ಗಂಜಿ ಪೂರ್ತಿ ಕುಡಿದ.”

ಅವಳಿಗೆ ಬಿಕ್ಕಳಿಕೆ ಬರುತ್ತದೆಯೋ ಎಂದು ಕಾದೆ. ಬರಲಿಲ್ಲ. ಐದು ವರ್ಷ ನಾನು ಆ ಡಬ್ಬಿಯನ್ನು ಯಾರು ಖಾಲಿ ಮಾಡಿದರೆಂದು ಯಾರನ್ನೂ ಕೇಳಿರಲಿಲ್ಲ. ಆಸ್ಪತ್ರೆಯವರು ಚೆಲ್ಲಿ ತೊಳೆದಿಟ್ಟಿರಬೇಕು ಎಂದುಕೊಂಡಿದ್ದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸುಗುಣ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ, “ನೀವು ಐದು ವರ್ಷ ಬರ್ಲಿಲ್ಲ. ಅವನ ಬಗ್ಗೆ ಮಾತಾಡೋಕೆ ನಂಗೂ ಯಾರೂ ಇರ್ಲಿಲ್ಲ” ಎಂದಳು.

ಆ ವಾರವೆಲ್ಲ ಬೆಳಿಗ್ಗೆ ಅವಳ ಮಹಡಿಗೆ ಹೋಗಿ ಹಪ್ಪಳ ಒತ್ತಿಕೊಟ್ಟೆ. ಹಲ್ಲಿನ ಅಚ್ಚಿಗೆ ಪಳಗಿದ ಕೈ, ನನ್ನ ಹಪ್ಪಳಗಳು ಅವಳದಕ್ಕಿಂತ ದುಂಡಗೆ ಬಂದವು. ಅದನ್ನು ಹೇಳಿದ್ದಕ್ಕೆ ಒಂದು ದಿನ ಜಗಳವೂ ಆಯಿತು. ಮನಸ್ಸು ಪೂರ್ತಿ ತಿಳಿಯಾಗಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಕೆಲವು ಹೊತ್ತು ಹಳೆಯ ಸಿಟ್ಟು ಮತ್ತೆ ಏಳುತ್ತಿತ್ತು, ಅದೂ ಈಗ ಅವಳ ಮೇಲೋ ಅವನ ಮೇಲೋ ನನ್ನ ಮೇಲೋ ಎಂದು ಹೇಳುವುದು ಕಷ್ಟ. ಭಂತೇಜಿಯನ್ನು ಕೇಳಿದೆ, ಆ ಸಾಲನ್ನು ಒಮ್ಮೆ ಹೇಳಿ ನೋಡಲೇ ಎಂದು.

“ಹಲ್ಲು ಕಟ್ಟಿದ ಮಾರನೇ ದಿನವೇ ಕಬ್ಬು ಕಡೀಬೇಡಿ ಅಂತ ನೀವೇ ಹೇಳ್ತೀರಲ್ಲಮ್ಮ. ಬಿಡಿ. ಮದುವೆ ದಿನವೇ ಹೇಳಿ.”

ಮದುವೆಯ ದಿನ ಆ ತಗಡಿನ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋದ ವರ್ಷ ಊಟವಿಲ್ಲದೆ ಹಿಂತಿರುಗಿದ ಮುನ್ನೂರು ಜನರೂ ಬಂದಿದ್ದರು, ಜೊತೆಗೆ ಏನಾಗುತ್ತದೋ ನೋಡಲು ಇನ್ನೂ ನೂರು ಜನ. ಗುಡಿಯ ಅರ್ಚಕರು, ಪಾದ್ರಿ, ಹಜರತರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತಿದ್ದರು. ಅವರಿಗೆಲ್ಲ ನನ್ನ ಬಿಕ್ಕಳಿಕೆಯ ಪರಿಚಯವಿತ್ತು. ವಿನಯಚಂದ್ರನ ಅಪ್ಪ ಈ ಸಲವೂ ಗುಡಿಯಲ್ಲೇ ಹರಕೆ ಮುಗಿಸಿ ಓಡೋಡಿ ಬಂದಿದ್ದರು. ಭಂತೇಜಿ ಹೊಸ ಸೆಟ್ಟಿನಲ್ಲಿ ಮಂತ್ರ ಹೇಳಿದರು, ಒಂದು ಸೀಟಿಯೂ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

ಮೂರು ಸಾಲು ಹೇಳಿದೆ. ನಾಲ್ಕನೆಯದಕ್ಕೆ ಮುನ್ನ ತಡೆದೆ. ಹಂಸಾ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಅವಳ ಕೈಬೆರಳುಗಳು ಬೆಳ್ಳಗಾಗುವಷ್ಟು ಒಂದನ್ನೊಂದು ಹಿಡಿದಿದ್ದವು. ಆವತ್ತಿನ ತನಕ ಅವಳು ನನ್ನೆದುರು ಹೆದರಿಕೆ ತೋರಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಸುಗುಣ ಕುಳಿತಿದ್ದಳು, ಕಣ್ಣು ಮುಚ್ಚಿ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ತನ್ನ ದೇವರ ಹತ್ತಿರ ನನ್ನ ಬೌದ್ಧ ಹರಕೆಗಾಗಿ ಬೇಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ನನಗೆ ನಗು ಬಂತು. ನಗುತ್ತಲೇ ಹೇಳಿದೆ.

“ಎಲ್ಲ ಜೀವಿಗಳೂ ಸುಖವಾಗಿರಲಿ.”

ಆ ಎಲ್ಲದರಲ್ಲಿ ಸತ್ತವರೂ ಸೇರುತ್ತಾರೋ ಎಂದು ನಾನು ಭಂತೇಜಿಯನ್ನು ಕೇಳಿರಲಿಲ್ಲ. ನನ್ನಷ್ಟಕ್ಕೆ ನಾನೇ ಸೇರಿಸಿಕೊಂಡೆ. ನಾನೂರು ಜನ ಉಸಿರು ಬಿಗಿಹಿಡಿದು ಕಾದರು. ಚಾವಣಿಯ ತಗಡು ಬಿಸಿಲಿಗೆ ಟಿಕ್ ಟಿಕ್ ಎಂದಿತು. ನನ್ನ ಎದೆಯೊಳಗಿನಿಂದ ಏನೂ ಬರಲಿಲ್ಲ. ಪಾದ್ರಿಗಳು ಮೊದಲು ಚಪ್ಪಾಳೆ ತಟ್ಟಿದರು, ಹಿಂದೆಯೇ ಎಲ್ಲರೂ. ಹಂಸಾ ನನ್ನ ಕುತ್ತಿಗೆಗೆ ಬಿದ್ದು, ಹೋದ ವರ್ಷ ಉಳಿಸಿಕೊಂಡಿದ್ದ ಅಳುವನ್ನೆಲ್ಲ ಅತ್ತು ಮುಗಿಸಿದಳು.

ಭಿಕ್ಖುಗಳು ನಡುಮಧ್ಯಾಹ್ನ ದಾಟಿದ ಮೇಲೆ ಉಣ್ಣುವುದಿಲ್ಲವಾದ್ದರಿಂದ ಊಟಕ್ಕೆ ಬೇಗ ಎಲೆ ಹಾಕಿದರು. ನನ್ನ ಎಡಕ್ಕೆ ಸುಗುಣ, ಎದುರಿಗೆ ಭಂತೇಜಿ. ಅವರು ಹಪ್ಪಳವನ್ನು ಮುರಿಯದೆ ಇಡಿಯಾಗಿ ಬಾಯಿಗಿಟ್ಟು ಕರುಂ ಎಂದು ಕಡಿದು, ನನ್ನ ಕಡೆ ನೋಡಿ ತಲೆದೂಗಿದರು.

“ಅಂತೂ ಅಣ್ಣ ಹೇಳಿದ್ದು ಸರಿ ಇತ್ತು, ನಾಸ್ತಿಕರಿಗೆ ಇದೇ ಸರಿ ಅಂತ,” ಎಂದಳು ಸುಗುಣ. “ಹಾಗಾದ್ರೆ ಅತ್ತಿಗೆ, ಈಗ ನೀವು ಬೌದ್ಧರಾದ್ರಾ?”

“ಇಲ್ಲ,” ಎಂದೆ. ಬಿಕ್ಕಳಿಕೆ ಬಂತು.

ಎಲೆಯ ಮುಂದಿದ್ದವರೆಲ್ಲ ತುತ್ತು ಹಿಡಿದ ಕೈಯಲ್ಲೇ ನನ್ನ ಕಡೆ ತಿರುಗಿದರು. ನನಗೂ ಆಶ್ಚರ್ಯವಾಗಿತ್ತು. ಸರಿ, ಹಾಗಾದರೆ ಹಾಗೇ ಇರಲಿ ಎಂದು, “ಹೌದು” ಎಂದೆ. ಇನ್ನೊಂದು ಬಿಕ್ಕಳಿಕೆ ಬಂತು, ಮೊದಲಿನದಕ್ಕಿಂತ ದೊಡ್ಡದು.

ಭಂತೇಜಿ ನಗುವುದಕ್ಕೆ ಹೋಗಿ ಸೆಟ್ಟು ಜಾರದಂತೆ ಬಾಯಿಗೆ ಕೈ ಅಡ್ಡ ಹಿಡಿದರು. ಸುಗುಣ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದಳು. “ಮತ್ತೆ ಜನ ಕೇಳಿದ್ರೆ ಏನು ಹೇಳ್ಲಿ?”

“ಊಟ ಚೆನ್ನಾಗಿದೆ, ಕೂತ್ಕೊಂಡು ಉಣ್ಣಿ ಅಂತ ಹೇಳು,” ಎಂದೆ.

ಸ್ವಲ್ಪ ಹೊತ್ತು ಕಾದು ನೋಡಿದೆವು. ಏನೂ ಬರಲಿಲ್ಲ. ಅಷ್ಟರಲ್ಲಿ ಹೋಳಿಗೆ ಬಡಿಸುವವನು ಬಂದ. ನಾನು ಎರಡು ಹಾಕಿಸಿಕೊಂಡೆ.